ಕೈಮರಿಸಂ 100% ದಾನಿಯದ್ದು, ಆದರೂ ಎಮ್‌ಆರ್‌ಡಿ ಪಾಸಿಟಿವ್. ಎರಡೂ ಹೇಗೆ ನಿಜ?

ದಾನಿ ಅಕ್ಕ:

ತಮ್ಮನಿಗೆ 24 ವರ್ಷ. ಬಿ ಸೆಲ್ ಎಎಲ್‌ಎಲ್, ಅಂದ್ರೆ ಒಂದು ಬಗೆಯ ರಕ್ತ ಕ್ಯಾನ್ಸರ್. ಸ್ಟೆಮ್ ಸೆಲ್ ಕೊಟ್ಟವಳು ನಾನೇ. ಟ್ರಾನ್ಸ್‌ಪ್ಲಾಂಟ್ ಆಗಿ ಇವತ್ತಿಗೆ 92 ದಿನ. ಬೆಳಿಗ್ಗೆ ಕೈಮರಿಸಂ (ದಾನಿಯ ಕಣ ಎಷ್ಟು, ಅವನದ್ದೆಷ್ಟು ಅನ್ನೋ ಟೆಸ್ಟ್) ರಿಪೋರ್ಟ್ ಬಂತು, "100% ದಾನಿ" ಅಂತ. ಎಲ್ಲರಿಗೂ ಫೋನ್ ಮಾಡಿ ಮುಗಿಸುವಷ್ಟರಲ್ಲಿ ಎರಡನೆಯದು ಬಂತು: ಮೂಳೆಮಜ್ಜೆಯಲ್ಲಿ ಎಮ್‌ಆರ್‌ಡಿ (ಚಿಕಿತ್ಸೆ ಆದ ಮೇಲೂ ಉಳಿದ ಕಾಯಿಲೆ ಕಣ) ಪಾಸಿಟಿವ್, 0.02%, ಫ್ಲೋ ಸೈಟೋಮೆಟ್ರಿ ಅಂದ್ರೆ ಮಷಿನ್‌ನಲ್ಲಿ ಒಂದೊಂದೇ ಕಣ ನೋಡಿ ಎಣಿಸುವ ವಿಧಾನದಲ್ಲಿ.

ತಮ್ಮ ಕೇಳಿದ, "ಅಕ್ಕಾ, ಒಳಗಿರೋದೆಲ್ಲ ನಿಂದೇ ಅಂದ್ಮೇಲೆ ಈ ಕಾಯಿಲೆ ಯಾರದ್ದು?" ಉತ್ತರ ಗೊತ್ತಿರಲಿಲ್ಲ. "ಲ್ಯಾಬ್‌ನವರದ್ದು" ಅಂದೆ. ನಕ್ಕ. ನಾನು ಆಚೆ ಹೋಗಿ ಅತ್ತೆ.

ಮೈಕ್ರೋಸ್ಕೋಪಿನಲ್ಲಿ ಬ್ಲಾಸ್ಟ್ (ಎಳೇ ಕಣ) 2%, ರೆಮಿಷನ್‌ನಲ್ಲೇ (ಕಾಯಿಲೆ ಹಿಡಿತದಲ್ಲೇ) ಇದ್ದಾನೆ ಅಂತಾರೆ ಡಾಕ್ಟರ್. ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ಸೈಕ್ಲೋಸ್ಪೊರಿನ್ ಬೇಗ ಇಳಿಸಿ, ಮೂರು ವಾರಕ್ಕೆ ಮತ್ತೆ ಮಜ್ಜೆ ತೆಗೆಯುತ್ತಾರಂತೆ. ನನ್ನ ಕಣಗಳೇ ಕೈಕೊಟ್ಟವಾ ಅನ್ನೋದು ತಲೆಯಿಂದ ಹೋಗ್ತಿಲ್ಲ.

ಚುಕ್ಕೆ ಎಣಿಸುವವ:

ಮೇಡಂ, ನಾನು ಫ್ಲೋ ಲ್ಯಾಬ್‌ನಲ್ಲಿ ಟೆಕ್ನಿಶಿಯನ್, ಡಾಕ್ಟರ್ ಅಲ್ಲ. ತಮ್ಮನಿಗೆ ಲ್ಯಾಬ್‌ನವರ ಪರವಾಗಿ ಒಂದು ನಮಸ್ಕಾರ ಹೇಳಿಬಿಡಿ.

ಆ "100%" ಅನ್ನೋದೇ ಎಲ್ಲರನ್ನೂ ದಾರಿ ತಪ್ಪಿಸುತ್ತೆ. ಕೈಮರಿಸಂ ಟೆಸ್ಟ್ ಡಿಎನ್‌ಎ ತುಣುಕುಗಳ ಉದ್ದ ನೋಡಿ ಅಕ್ಕನದ್ದೆಷ್ಟು, ತಮ್ಮನದ್ದೆಷ್ಟು ಅಂತ ಅಳೆಯುತ್ತೆ. ಎಸ್‌ಟಿಆರ್ ಅನ್ನೋ ಈ ವಿಧಾನದಲ್ಲಿ ಅವನದ್ದು ನೂರಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಸಾಮಾನ್ಯವಾಗಿ ಕಾಣೋದೇ ಇಲ್ಲ. 0.02% ಅಂದ್ರೆ ಹತ್ತು ಸಾವಿರಕ್ಕೆ ಎರಡು. ದೊಡ್ಡ ಕಣ್ಣಿನ ಜರಡಿಯಲ್ಲಿ ಸಣ್ಣ ಮರಳು ನಿಲ್ಲೋದಿಲ್ಲ, ಅಲ್ವಾ? ಹಾಗಾಗಿ ಎರಡೂ ರಿಪೋರ್ಟ್ ಸರಿಯೇ ಇರಬಹುದು. ಕಾಯಿಲೆ ಕಣ ಇದ್ದರೆ ಅವು ಬಹುಮಟ್ಟಿಗೆ ಅವನ ಹಳೆಯವೇ. ನಿಮ್ಮವು ಚೆನ್ನಾಗಿ ಬೇರು ಬಿಟ್ಟಿವೆ, ಅದನ್ನೇ ಆ 100% ಹೇಳ್ತಿರೋದು.

ನಮಗೆ ಅದು ಹೇಗೆ ಕಾಣುತ್ತೆ ಗೊತ್ತಾ? ಸ್ಕ್ರೀನಿನ ಮೇಲೆ ಒಂದೊಂದು ಕಣವೂ ಒಂದೊಂದು ಚುಕ್ಕೆ. 5 ಲಕ್ಷ ಕಣ ಓಡಿಸಿದ್ದರೆ 0.02% ಅಂದ್ರೆ 100 ಚುಕ್ಕೆ, ಒಂದು ಮೂಲೆಯಲ್ಲಿ ಗುಂಪಾಗಿ. 100 ಚುಕ್ಕೆಯ ಗುಂಪನ್ನು ನಂಬಬಹುದು. ಆದರೆ ಒಟ್ಟು 50 ಸಾವಿರ ಕಣವೇ ಸಿಕ್ಕಿದ್ದರೆ ಬರೀ 10 ಚುಕ್ಕೆ, ಅದರ ಮೇಲೆ ನಾನಂತೂ ಪ್ರಮಾಣ ಮಾಡಲ್ಲ. ಎಷ್ಟು ಕಣ ಎಣಿಸಿದ್ದಾರೆ ಅಂತ ರಿಪೋರ್ಟಿನ ಕೆಳಗೆ ಇರುತ್ತೆ, ನೋಡಿ.

ಇನ್ನೊಂದು ತಲೆನೋವು ಹೆಮಟೊಗೋನ್. ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಹೊಸ ಮಜ್ಜೆ ಎಳೇ ಬಿ ಕಣಗಳನ್ನು ಜಾಸ್ತಿ ಹುಟ್ಟಿಸುತ್ತೆ. ಇವೂ ಸಿಡಿ19, ಸಿಡಿ10 ಅನ್ನೋ ಗುರುತಿನ ಪ್ರೋಟೀನ್ ಹೊತ್ತುಕೊಂಡು ಥೇಟ್ ಎಎಲ್‌ಎಲ್ ಕಣದ ಹಾಗೆ ಕಾಣ್ತವೆ. ಆದರೆ ಬೆಳೀತಾ ಬೆಳೀತಾ ಸ್ಕ್ರೀನಿನಲ್ಲಿ ಒಂದು ಬಳುಕಿದ ದಾರಿ ಹಿಡಿದು ಸಾಗುತ್ತವೆ. ಲ್ಯುಕೇಮಿಯಾ ಕಣ ಆ ದಾರಿ ಬಿಟ್ಟು ಪಕ್ಕದಲ್ಲಿ ಗುಂಪು ಕಟ್ಟಿ ನಿಲ್ಲುತ್ತೆ. ಅನೇಕ ಸಲ ಸಿಡಿ38 ಕಮ್ಮಿ, ಸಿಡಿ58 ಜಾಸ್ತಿ. ಕೈ ಪಳಗಿದವರಿಗೂ ಒಮ್ಮೊಮ್ಮೆ ಅನುಮಾನ ಬರುತ್ತೆ. ಮೂರು ವಾರಕ್ಕೆ ಮತ್ತೆ ನೋಡೋಣ ಅನ್ನೋದಕ್ಕೆ ಇದೂ ಒಂದು ಕಾರಣ.

ಒಂದು ಕೋರಿಕೆ. ಮುಂದಿನ ಸಲ ಸಿರಿಂಜಿಗೆ ಎಳೆಯುವ ಮೊದಲ ಮಜ್ಜೆಯನ್ನೇ ಎಮ್‌ಆರ್‌ಡಿಗೆ ಕಳಿಸಿ ಅನ್ನಿ. ಎರಡನೇ, ಮೂರನೇ ಸಲ ಎಳೆದದ್ದರಲ್ಲಿ ರಕ್ತ ಬೆರೆತು ತೆಳ್ಳಗಾಗಿರುತ್ತೆ. ಆಮೇಲೆ ನೆಗೆಟಿವ್ ಬಂದರೂ ನಂಬೋಕಾಗಲ್ಲ.

ಏರಿಳಿತ:

ನನ್ನದು ಫಿಲಡೆಲ್ಫಿಯಾ ಪಾಸಿಟಿವ್ ಎಎಲ್‌ಎಲ್, ಹಾಗಾಗಿ ಪಿಸಿಆರ್‌ನಲ್ಲಿ ಆ ಬಗೆಯ ಕಾಯಿಲೆ ಕಣದ ಗುರುತಾದ ಬಿಸಿಆರ್-ಎಬಿಎಲ್ ಜೀನ್ ನೋಡ್ತಾರೆ. ಒಂದು ಸಲ ಬೇರೆ ಲ್ಯಾಬಿಗೆ ಕೊಟ್ಟೆ. ಅಂಕಿ ಮೂರು ಪಟ್ಟು ಏರಿತು. ಎರಡು ವಾರ ನಿದ್ದೆ ಇಲ್ಲ. ಹಳೆ ಲ್ಯಾಬಿನಲ್ಲಿ ಮಾಡಿಸಿದರೆ ಮೊದಲಿನಷ್ಟೇ ಇತ್ತು! ಅವತ್ತಿಂದ ಒಂದೇ ಲ್ಯಾಬ್, ಒಂದೇ ವಿಧಾನ. ಡಾಕ್ಟರ್ ಕೂಡ ಎರಡು ಪಟ್ಟು, ಮೂರು ಪಟ್ಟಿಗಿಂತ ಹತ್ತು ಪಟ್ಟು ಏರಿದೆಯಾ ಅಂತ ನೋಡೋದು.

ಸೈಕ್ಲೋಸ್ಪೊರಿನ್ ಇಳಿಸೋದು ನಿಮ್ಮ ಕಣಗಳ ಕೈ ಕಟ್ಟು ಬಿಚ್ಚೋಕೆ ಅಕ್ಕಾ, ಉಳಿದ ಕಾಯಿಲೆಯನ್ನು ಅವೇ ಹುಡುಕಿ ಹೊಡೀಲಿ ಅಂತ. ಆದರೆ ಅವು ತಮ್ಮನ ಮೈಮೇಲೂ ತಿರುಗಿ ಬೀಳಬಹುದು. ಅಂಗೈ ಕೆಂಪಾಗೋದು, ಗುಳ್ಳೆ, ಭೇದಿ, ಕಣ್ಣು ಹಳದಿ, ಯಾವುದು ಕಂಡರೂ ಅವತ್ತೇ ಫೋನ್ ಮಾಡಿ. ನನಗೆ ಭೇದಿ ಶುರುವಾದಾಗ ಊಟದ್ದು ಅಂತ ನಾಲ್ಕು ದಿನ ಸುಮ್ನೆ ಕೂತಿದ್ದೆ, ಬುದ್ಧಿಗೇಡಿ ಕೆಲಸ.

ದಾನಿ ಅಕ್ಕ:

ರಿಪೋರ್ಟಿನ ಕೊನೇ ಸಾಲಿನಲ್ಲಿದೆ, 6 ಲಕ್ಷ ಕಣ. ಅಂದ್ರೆ 120 ಚುಕ್ಕೆ. ತಮ್ಮನಿಗೆ ಓದಿ ಹೇಳಿದೆ. "120 ಜನನಾ? ಮದುವೆ ಹಾಲ್ ಕೂಡ ತುಂಬಲ್ಲ" ಅಂದ.

ಇವತ್ತು ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಮತ್ತೆ ಪಾಸಿಟಿವ್ ಬಂದರೆ ಬ್ಲಿನಾಟುಮೊಮಾಬ್ ಅನ್ನೋ ಔಷಧಿ, ಇಲ್ಲವೇ ನನ್ನಿಂದ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ತೆಗೆದು ಕೊಡೋದು. ಸ್ಟೆಮ್ ಸೆಲ್ ಕೊಡೋ ಮುಂಚೆ ಹಾಕಿದ ಆ ಐದು ದಿನದ ಇಂಜೆಕ್ಷನ್ ಮತ್ತೆ ಇರುತ್ತಾ? ಹೋದ ಸಲ ಸೊಂಟದ ಮೂಳೆ ಒಳಗಿಂದ ಯಾರೋ ಗುದ್ದಿದ ಹಾಗಿತ್ತು. ಕೊಡಲ್ಲ ಅಂತಲ್ಲ, ರಜೆ ಹಾಕಬೇಕಲ್ಲ ಅದಕ್ಕೆ.

ಚುಕ್ಕೆ ಎಣಿಸುವವ:

ಲಿಂಫೋಸೈಟ್‌ಗೆ ಸಾಮಾನ್ಯವಾಗಿ ಆ ಇಂಜೆಕ್ಷನ್ ಬೇಡ. ಕೆಲವು ಗಂಟೆ ಮಷಿನ್ ಪಕ್ಕ ಕೂತರೆ ಆಯ್ತು. ಮೊದಲ ಸಲ ತೆಗೆದದ್ದರಲ್ಲಿ ಮಿಕ್ಕಿದ್ದನ್ನು ಎಷ್ಟೋ ಕಡೆ ಫ್ರೀಜ್ ಮಾಡಿಟ್ಟಿರ್ತಾರೆ. ರಜೆ ಹಾಕೋ ಮುಂಚೆ ಅದನ್ನೊಂದು ಕೇಳಿ ನೋಡಿ.