ದೇವರ ರಾಜ್ಯ ಎಂದರೇನೆಂದು ನಿಮಗೆ ತಿಳಿದುಬಂದದ್ದು ಹೇಗೆ?

ಕೇಳಿದವರು, ದಾವಣಗೆರೆಯಿಂದ:

ನಮ್ಮ ಸಭೆಯ ಯುವಕರ ವೇದಾಧ್ಯಯನದಲ್ಲಿ ಮುಂದಿನ ತಿಂಗಳು ‘ದೇವರ ರಾಜ್ಯ’ದ ಬಗ್ಗೆ ನಾನು ಮಾತನಾಡಬೇಕಾಗಿದೆ. ಸತ್ತ ಮೇಲೆ ಸೇರುವ ಪರಲೋಕವೇ ಅದು ಎಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದವನು ನಾನು. ಅದು ನಂಬಿದವನ ಹೃದಯದೊಳಗೇ ಇದೆ ಎನ್ನುತ್ತಾರೆ ನಮ್ಮ ಸಭೆಯ ಅಯ್ಯನವರು. ಯೇಸು ಮತ್ತೆ ಬಂದಾಗ ಮಾತ್ರ ಅದು ಬರುತ್ತದೆ ಎಂದು ಗೆಳೆಯನ ವಾದ. ಬಡವರಿಗೆ ನ್ಯಾಯ ಸಿಗುವುದೇ ದೇವರ ರಾಜ್ಯ ಎಂದು ಇನ್ನೊಬ್ಬರು. ಎಲ್ಲರ ಬಳಿಯೂ ವಚನಗಳಿವೆ. ದಪ್ಪ ಪುಸ್ತಕಗಳ ಪಟ್ಟಿ ಬೇಡ, ನಿಮ್ಮ ಅನುಭವ ಬೇಕು. ದಯವಿಟ್ಟು ತಿಳಿಸಿ.

ಸಂಡೇ ಸ್ಕೂಲ್ ಶಿಕ್ಷಕಿ, ಗದಗ-ಬೆಟಗೇರಿಯಿಂದ:

ತಮ್ಮಾ, ಮೊದಲು ಒಂದು ಸಣ್ಣ ಗಂಟನ್ನು ಬಿಡಿಸಿಬಿಡುತ್ತೇನೆ. ಸುವಾರ್ತೆ ಬರೆದವರಲ್ಲಿ ಮಾರ್ಕನೂ ಲೂಕನೂ ‘ದೇವರ ರಾಜ್ಯ’ ಎಂದು ಬರೆಯುವ ಕಡೆಯಲ್ಲೇ ಮತ್ತಾಯನು ಬಹುಮಟ್ಟಿಗೆ ‘ಪರಲೋಕ ರಾಜ್ಯ’ ಎಂದು ಬರೆಯುತ್ತಾನೆ. ಸಾಸಿವೆ ಕಾಳಿನ ಸಾಮ್ಯವನ್ನು, ಅಂದರೆ ಹೋಲಿಕೆಯ ಕಥೆಯನ್ನು, ಮೂವರಲ್ಲೂ ಓದಿ ನೋಡು, ಮಾತು ಒಂದೇ. ಹಾಗಾಗಿ ಮತ್ತಾಯನನ್ನು ಓದುವಾಗ ಸತ್ತ ಮೇಲಿನ ಊರನ್ನಷ್ಟೇ ಕಣ್ಣಮುಂದೆ ತಂದುಕೊಳ್ಳಬೇಡ. ಕರ್ತನ ಪ್ರಾರ್ಥನೆಯಲ್ಲಿ ನಾವು ಆ ರಾಜ್ಯಕ್ಕೆ ಹೋಗುವ ಹಾಗಾಗಲಿ ಎಂದು ಬೇಡುವುದಿಲ್ಲ. ‘ನಿನ್ನ ರಾಜ್ಯವು ಬರಲಿ’ ಎಂದು, ಭೂಲೋಕದಲ್ಲಿಯೂ ಅವನ ಚಿತ್ತ ನೆರವೇರಲಿ ಎಂದು ಬೇಡುತ್ತೇವೆ.

ಇನ್ನು ನನ್ನ ಅನುಭವ. ಯೇಸು ಈ ರಾಜ್ಯಕ್ಕೆ ವ್ಯಾಖ್ಯೆ ಕೊಡಲೇ ಇಲ್ಲ, ಸಾಮ್ಯಗಳನ್ನು ಹೇಳಿದನು. ಆದುದರಿಂದ ನಾನು ಸಾಮ್ಯಗಳನ್ನೇ ಹಿಡಿದುಕೊಂಡೆ. ಅವುಗಳಲ್ಲಿ ನನಗೆ ಬಾಗಿಲು ತೆರೆದದ್ದು ಮತ್ತಾಯ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಕೂಲಿಗಳು. ತೋಟದ ಯಜಮಾನನು ಬೆಳಗಾಗುತ್ತಲೇ ಪೇಟೆಗೆ ಹೋಗಿ ಒಂದು ದಿನಾರಕ್ಕೆ, ಅಂದರೆ ಒಂದು ದಿನದ ಕೂಲಿಗೆ, ಆಳುಗಳನ್ನು ಗೊತ್ತುಮಾಡುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಸಂಬಳ ಕೊಡುವಾಗ ಕೊನೆಗೆ ಬಂದವರಿಂದ ಶುರುಮಾಡಿ ಎಲ್ಲರಿಗೂ ಒಂದೊಂದು ದಿನಾರ ಕೊಡಿಸುತ್ತಾನೆ. ಬೆಳಗಿನಿಂದ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಈ ಭಾಗವನ್ನು ಓದುವಾಗ ನಮ್ಮ ಗುಂಪಿನ ನೌಕರಿಯವರೆಲ್ಲ ಗೊಣಗುವವರ ಪಕ್ಷ ವಹಿಸಿದರು. ಯಜಮಾನನು ಕರುಣಾಳು ಇರಬಹುದು, ಆದರೆ ನ್ಯಾಯ ಎಲ್ಲಿದೆ ಎಂದು ಚರ್ಚೆ ನಡೆಯಿತು.

ಆ ಗುಂಪಿನಲ್ಲಿ ದಿನಗೂಲಿಗೆ ಹೋಗುವ ತಾಯಿಯೊಬ್ಬರಿದ್ದರು. ಓದು ಬಾರದವರು, ಸಾಮಾನ್ಯವಾಗಿ ಮಾತನಾಡುವವರೂ ಅಲ್ಲ. ಅವರು ಹೇಳಿದ್ದಿಷ್ಟು: ಐದು ಗಂಟೆಯವರೆಗೆ ನಿಂತವನು ಸೋಮಾರಿಯಲ್ಲ. ಸೋಮಾರಿಯಾಗಿದ್ದರೆ ಹತ್ತು ಗಂಟೆಗೇ ಮನೆಗೆ ಹೋಗಿ ಮಲಗುತ್ತಿದ್ದ. ಬರಿಗೈಯಲ್ಲಿ ಮಕ್ಕಳ ಮುಂದೆ ಹೋಗಲು ಮುಖವಿಲ್ಲದೆ ನಿಂತಿದ್ದಾನೆ. ಮೇಸ್ತ್ರಿ ಬಂದಾಗ ತೋಳು ಗಟ್ಟಿ ಇದ್ದವರನ್ನು ಮೊದಲು ಆರಿಸಿಕೊಳ್ಳುತ್ತಾನೆ. ಉಳಿಯುವವರು ಮುದುಕರು, ಕಾಯಿಲೆಯವರು, ಕಂಕುಳಲ್ಲಿ ಕೂಸಿರುವವರು.

ಆಮೇಲೆ ನಾವು ಮತ್ತೆ ವಚನ ನೋಡಿದೆವು. ‘ಏಕೆ ಸುಮ್ಮನೆ ನಿಂತಿದ್ದೀರಿ?’ ಎಂದು ಕೇಳಿದ್ದಕ್ಕೆ ಅವರ ಉತ್ತರ ಅಲ್ಲೇ ಇದೆ: ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಅಷ್ಟು ವರ್ಷ ಓದಿದ ಸಾಲು ಅದು. ಒಂದು ದಿನಾರಕ್ಕಿಂತ ಕಡಿಮೆಯಾದರೆ ಆ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುವುದಿಲ್ಲ. ಯಜಮಾನನು ಗಂಟೆಗಳನ್ನು ಎಣಿಸಲಿಲ್ಲ, ಮನೆಯಲ್ಲಿ ಉಣ್ಣುವವರನ್ನು ಎಣಿಸಿದನು. ದೇವರು ಆಳಿದರೆ ಪೇಟೆಯ ಲೆಕ್ಕ ಹೀಗೆ ಬದಲಾಗುತ್ತದೆ ಎಂದು ಅಂದು ನನಗೆ ಅರಿವಾಯಿತು. ನನ್ನ ಮಟ್ಟಿಗೆ ದೇವರ ರಾಜ್ಯ ಎಂದರೆ ಇದೇ: ದೇವರ ಆಳ್ವಿಕೆ, ಅವನ ಮನಸ್ಸಿನಂತೆ ನಡೆಯುವ ಬದುಕು. ಅದು ಹೃದಯದಲ್ಲಿ ಶುರುವಾಗಬಹುದು, ಆದರೆ ಅಲ್ಲೇ ನಿಲ್ಲುವುದಿಲ್ಲ. ಸಂಬಳದ ಚೀಲಕ್ಕೂ ಕೈ ಹಾಕುತ್ತದೆ.

ಮತ್ತಾಯ 18ನ್ನೂ ಜೊತೆಗೆ ಓದು. ಹತ್ತು ಸಾವಿರ ತಲಾಂತಿನ ಸಾಲ ಮನ್ನಾ ಆದ ಆಳು, ನೂರು ದಿನಾರಕ್ಕಾಗಿ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರ. ಗುಣಿಸಿದರೆ ಆರು ಕೋಟಿ ದಿನಗಳ ಕೂಲಿ. ಯುವಕರ ಕೈಯಲ್ಲೇ ಆ ಲೆಕ್ಕ ಮಾಡಿಸು.

ನಿವೃತ್ತ ಇತಿಹಾಸ ಉಪನ್ಯಾಸಕ, ಮಂಗಳೂರಿನಿಂದ:

ಅಕ್ಕನವರು ಬರೆದದ್ದಕ್ಕೆ ನನ್ನ ಕಡೆಯಿಂದ ಇತಿಹಾಸದ ಒಂದು ಮಾತು. ನಾನು ಕಥೋಲಿಕ, ನಮ್ಮಲ್ಲಿ ಸಾಮ್ಯಕ್ಕೆ ಸಾಮತಿ ಎನ್ನುತ್ತೇವೆ.

ಯೇಸುಸ್ವಾಮಿ ಈ ಮಾತನ್ನು ಆಡಿದ ನಾಡು ಯಾವುದೆಂದು ಗಮನಿಸದೆ ಅದರ ಕಾವು ತಿಳಿಯುವುದಿಲ್ಲ. ಗಲಿಲೇಯವನ್ನು ರೋಮಿನ ಕೃಪೆಯಿಂದ ಹೆರೋದ ಅಂತಿಪ ಆಳುತ್ತಿದ್ದ. ಕ್ರಿ.ಶ. 6ರಲ್ಲಿ ಜುದೇಯವು ರೋಮಿನ ನೇರ ಆಡಳಿತಕ್ಕೆ ಬಂದು ತೆರಿಗೆಗಾಗಿ ಜನಗಣತಿ ನಡೆದಾಗ, ದೇವರೊಬ್ಬನೇ ನಮ್ಮ ಒಡೆಯ ಎಂದು ಗಲಿಲೇಯದ ಯೂದ ಎಂಬಾತ ದಂಗೆ ಎಬ್ಬಿಸಿದ್ದ. ಆ ನೆನಪು ಇನ್ನೂ ಆರಿರದ ಜನರ ನಡುವೆ ನಿಂತು ‘ದೇವರ ರಾಜ್ಯ ಸಮೀಪಿಸಿದೆ’ ಎಂದು ಸಾರುವುದು ನಿರಪಾಯದ ಮಾತಾಗಿರಲಿಲ್ಲ. ಕೇಳಿದವರಿಗೆ ಕತ್ತಿಯ ಸದ್ದು ಕೇಳಿಸಿರಬೇಕು. ಆದರೆ ಯೇಸುಸ್ವಾಮಿ ಕತ್ತಿಯನ್ನೂ ಹಿಡಿಯಲಿಲ್ಲ, ಆ ಮಾತನ್ನೂ ಬಿಡಲಿಲ್ಲ. ರೊಟ್ಟಿ ಉಂಡ ಜನ ಬಲವಂತವಾಗಿ ಅರಸನನ್ನಾಗಿ ಮಾಡಲು ಹೊರಟಾಗ ಒಬ್ಬರೇ ಬೆಟ್ಟಕ್ಕೆ ಹೋದರು. ಕೊನೆಗೆ ಶಿಲುಬೆಯ ಮೇಲೆ ಬರೆದ ಆರೋಪವೂ ಅದೇ, ‘ಯೆಹೂದ್ಯರ ಅರಸ’.

ಈ ರಾಜ್ಯವನ್ನು ತಮ್ಮ ತೋಳ್ಬಲದಿಂದ ಕಟ್ಟಲು ಹೊರಟವರ ಕಥೆಯನ್ನೂ ಯುವಕರಿಗೆ ಹೇಳಿ. ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು 1534ರಲ್ಲಿ ಅನಾಬ್ಯಾಪ್ಟಿಸ್ಟರ, ಅಂದರೆ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದನ್ನು ಒಪ್ಪದ ಕ್ರೈಸ್ತರ, ಒಂದು ಗುಂಪು ವಶಪಡಿಸಿಕೊಂಡು ಅದನ್ನೇ ಹೊಸ ಜೆರುಸಲೇಮ್ ಎಂದು ಸಾರಿತು. ಲೈಡನ್ನಿನ ಯಾನ್ ಎಂಬವನು ಅರಸನಾದ. ಒಪ್ಪದವರಿಗೆ ಗಡೀಪಾರು ಅಥವಾ ಸಾವು. ಮುತ್ತಿಗೆಯಲ್ಲಿ ಜನ ಹಸಿವಿನಿಂದ ಸತ್ತರು. 1535ರಲ್ಲಿ ನಗರವನ್ನು ಮರಳಿ ಗೆದ್ದವರು, ಅವರ ಪಕ್ಷದಲ್ಲಿ ಬಿಷಪರೂ ಇದ್ದರು, ಮರುವರ್ಷ ನಾಯಕರನ್ನು ಹಿಂಸಿಸಿ ಕೊಂದು ಹೆಣಗಳನ್ನು ಕಬ್ಬಿಣದ ಪಂಜರಗಳಲ್ಲಿ ಚರ್ಚಿನ ಗೋಪುರಕ್ಕೆ ನೇತುಹಾಕಿದರು. ಆ ಮೂರು ಪಂಜರಗಳು ಇಂದಿಗೂ ಅಲ್ಲಿವೆ. ಎರಡೂ ಕಡೆಯವರ ಬಾಯಲ್ಲಿ ದೇವರ ಹೆಸರೇ ಇತ್ತು ಎಂಬುದನ್ನು ಮರೆಯಬೇಡಿ.

ನಮ್ಮಲ್ಲಿ ಕ್ರಿಸ್ತರಾಜನ ಹಬ್ಬವಿದೆ, 1925ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು (ಪೋಪ್) ಆರಂಭಿಸಿದ್ದು. ಅಂದಿನ ಬಲಿಪೂಜೆಯಲ್ಲಿ ಓದುವ ಶುಭಸಂದೇಶದ ಭಾಗ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಒಂದು ವರ್ಷ ರೋಮಿನ ಅಧಿಕಾರಿ ಪಿಲಾತನ ಮುಂದೆ ಕೈದಿಯಾಗಿ ನಿಂತ ಅರಸ. ಒಂದು ವರ್ಷ ಕಳ್ಳರ ನಡುವೆ ಶಿಲುಬೆಯಲ್ಲಿರುವ ಅರಸ. ಇನ್ನೊಂದು ವರ್ಷ ‘ನಾನು ಹಸಿದಿದ್ದೆ, ನೀವು ಉಣಿಸಿದಿರಿ’ ಎನ್ನುವ ಅರಸ. ಈ ಮೂರನ್ನು ಒಟ್ಟಿಗೆ ಇಟ್ಟು ಧ್ಯಾನಿಸಿದ್ದು ನನಗೆ ಎಷ್ಟೋ ಪ್ರವಚನಗಳಿಗಿಂತ ಹೆಚ್ಚು ಕಲಿಸಿದೆ.

ದಾದಿ, ಮೈಸೂರಿನಿಂದ:

ರಾಜ್ಯ ಬಂದಾಗಿದೆಯೋ, ಇನ್ನು ಬರಬೇಕೋ ಎಂಬ ಪ್ರಶ್ನೆಗೆ ನಾನು ಲೂಕ 7ಕ್ಕೆ ಹೋಗುತ್ತೇನೆ. ಸೆರೆಯಲ್ಲಿದ್ದ ಸ್ನಾನಿಕ ಯೋಹಾನನು, ಬರಬೇಕಾದವನು ನೀನೋ ಎಂದು ಕೇಳಿ ಕಳುಹಿಸುತ್ತಾನೆ. ಕುರುಡರು ನೋಡುತ್ತಾರೆ, ಕುಂಟರು ನಡೆಯುತ್ತಾರೆ, ಬಡವರಿಗೆ ಸುವಾರ್ತೆ ಸಾರಲಾಗುತ್ತಿದೆ, ಹೋಗಿ ಹೇಳಿ ಎಂದು ಯೇಸು ಉತ್ತರಿಸುತ್ತಾನೆ. ಆದರೆ ಯೋಹಾನನ ಸೆರೆಯ ಬಾಗಿಲು ತೆರೆಯಲಿಲ್ಲ. ಹೆರೋದ ಅವನ ತಲೆ ಕಡಿಸಿದ. ಎರಡೂ ನಿಜ, ಒಂದೇ ಕಾಲದಲ್ಲಿ.

ಗುಣವಾಗದ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು. ಎಲ್ಲವೂ ಈಗಾಗಲೇ ನೆರವೇರಿದೆ ಎನ್ನುವ ಬೋಧನೆಯನ್ನು ಅಲ್ಲಿ ಹೇಳಲು ಬಾಯಿ ಬರುವುದಿಲ್ಲ. ಎಲ್ಲವೂ ಮುಂದೆ ಎಂದೋ ಎಂದು ಹೇಳಿ ಕೈಕಟ್ಟಿ ಕೂರುವುದಕ್ಕೂ ಆಗುವುದಿಲ್ಲ, ಏಕೆಂದರೆ ಮುಂದಿನ ಹಾಸಿಗೆಯಲ್ಲಿ ಯಾರಿಗೋ ಬಾಯಿ ಒಣಗಿರುತ್ತದೆ, ಹತ್ತಿಯಲ್ಲಿ ನೀರು ಅದ್ದಿ ತುಟಿ ಒರೆಸಬೇಕಾಗಿರುತ್ತದೆ. ಕಣ್ಣೀರೂ ಮರಣವೂ ಇನ್ನಿಲ್ಲ ಎಂಬ ಪ್ರಕಟನೆ 21ರ ವಾಗ್ದಾನವನ್ನು ನಾನು ನಂಬುತ್ತೇನೆ. ನಂಬುವುದರಿಂದಲೇ ಆ ಕೆಲಸ ಮಾಡಲು ಕೈ ಬರುತ್ತದೆ.

ಓದುಗ, ಶಿವಮೊಗ್ಗದಿಂದ:

ನಾನು ಕ್ರೈಸ್ತನಲ್ಲ, ಗಾಂಧಿಯ ಬರಹಗಳ ಮೂಲಕ ಇಲ್ಲಿಗೆ ಬಂದವನು. ‘ದೇವರ ರಾಜ್ಯ ನಿಮ್ಮಲ್ಲಿಯೇ ಇದೆ’ ಎಂಬ ಲೂಕನ ಮಾತನ್ನೇ ಹೆಸರಾಗಿಸಿ ಟಾಲ್‌ಸ್ಟಾಯ್ 1894ರಲ್ಲಿ ಪ್ರಕಟಿಸಿದ ಪುಸ್ತಕ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿಯನ್ನು ಅಲುಗಾಡಿಸಿತು. ಮುಂದೆ 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅವರು, ರಾಮರಾಜ್ಯ ಎಂದರೆ ಹಿಂದೂ ರಾಜ್ಯವಲ್ಲ, ದೇವರ ರಾಜ್ಯ ಎಂದು ಸ್ಪಷ್ಟವಾಗಿ ಬರೆದರು. ಕ್ರೈಸ್ತರಲ್ಲದವರು ನಿಮ್ಮ ಸಭೆಗೆ ಬರುವುದಿದ್ದರೆ ಇದು ಸಹಾಯವಾಗಬಹುದು. ಆದರೆ ಎರಡೂ ಒಂದೇ ಎಂದು ಅವಸರದಲ್ಲಿ ಬೆಸೆಯಬೇಡಿ. ನಿಮ್ಮಲ್ಲಿ ಆ ರಾಜ್ಯ ಯೇಸು ಎಂಬ ವ್ಯಕ್ತಿಯನ್ನು ಬಿಟ್ಟು ನಿಲ್ಲುವುದಿಲ್ಲ, ಇಷ್ಟು ನಾನು ಹೊರಗಿನಿಂದಲೂ ಕಂಡಿದ್ದೇನೆ.

ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ನನಗಿರುವುದು ಮುಕ್ಕಾಲು ಗಂಟೆ. ಎಲ್ಲವನ್ನೂ ಹೇಳಲಾಗದು. ಎಲ್ಲಿಂದ ಹಿಡಿಯಲಿ, ಅಕ್ಕಾ?

ಸಂಡೇ ಸ್ಕೂಲ್ ಶಿಕ್ಷಕಿ:

ಮತ್ತಾಯ 20ರ ಮೊದಲ ಹದಿನಾರು ವಚನ ಸಾಕು, ತಮ್ಮಾ. ನೀನು ಓದಬೇಡ, ಪಾತ್ರ ಹಂಚಿ ಯುವಕರಿಂದಲೇ ಓದಿಸು. ಯಜಮಾನ ಒಬ್ಬ, ಪಾರುಪತ್ಯಗಾರ ಒಬ್ಬ, ಬೆಳಗಿನವರು ಮೂವರು, ಐದು ಗಂಟೆಯವರು ಇಬ್ಬರು. ಓದಿದ ಮೇಲೆ ಐದು ಗಂಟೆಯವರನ್ನು ಮೊದಲು ಮಾತನಾಡಿಸು. ಬೆಳಗಿನವರ ಕೋಪವನ್ನೂ ಪೂರ್ತಿ ಕೇಳು, ನಡುವೆ ಬಾಯಿ ಹಾಕಿ ಅವರನ್ನು ತಿದ್ದಬೇಡ, ಯೇಸುವಿನ ಸಾಮ್ಯವೂ ಯಜಮಾನನ ಪ್ರಶ್ನೆಯಲ್ಲೇ ನಿಲ್ಲುತ್ತದೆ, ಅವರೇನು ಉತ್ತರ ಕೊಟ್ಟರೆಂದು ಹೇಳುವುದಿಲ್ಲ. ನಿಮ್ಮ ಸಭೆಯಲ್ಲಿ ಕೂಲಿಗೆ ಹೋಗುವವರು ಇದ್ದರೆ ಹಿಂದಿನ ದಿನವೇ ಮನೆಗೆ ಹೋಗಿ ಕರೆದು ಬಾ. ಭಾನುವಾರ ಮಧ್ಯಾಹ್ನ ಇಟ್ಟುಕೋ, ಸಂಜೆ ಬೇಡ. ಸೋಮವಾರ ಬೆಳಿಗ್ಗೆ ಬೇಗ ಹೊರಡಬೇಕಾದವರು ಅವರು.