ಪೂಜೆಯ ಅಡುಗೆ ಉಳಿದಿದೆ, ರಾತ್ರಿಯಿಡೀ ಕರೆಂಟ್ ಇರಲಿಲ್ಲ: ತಿನ್ನಬಹುದೇ?

ಪ್ರಶ್ನೆ – ನೀರ್ಚಾಲಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಮಳೆ ಜೋರಾಗಿದ್ದುದರಿಂದ ಹೇಳಿಕೆ (ಆಮಂತ್ರಣ) ಕೊಟ್ಟವರಲ್ಲಿ ಹಲವರು ಬರಲಾಗದೆ ಅನ್ನ, ಕಾಯಿ ಅರೆದು ಮಾಡಿದ ಸೌತೆಕಾಯಿ ಸಾಂಬಾರು, ಕಾಯಿಹಾಲಿನ ಪಾಯಸ, ಮೊಸರು ಮತ್ತು ಮಿಡಿ ಉಪ್ಪಿನಕಾಯಿ ಉಳಿದವು. ಬೆಳಗ್ಗೆ 11 ಗಂಟೆಗೆ ಆದ ಅಡುಗೆ ಸಂಜೆ 5ರ ತನಕ ದೊಡ್ಡ ಪಾತ್ರೆಗಳಲ್ಲಿ ಮುಚ್ಚಿಕೊಂಡು ಅಡುಗೆಮನೆಯಲ್ಲೇ ಇತ್ತು, ಅನಂತರ ಫ್ರಿಜ್ಜಿಗೆ ಹೋಯಿತು. ರಾತ್ರಿ 9ಕ್ಕೆ ಅಡಕೆ ಮರವೊಂದು ತಂತಿಯ ಮೇಲೆ ಬಿದ್ದು ಹೋದ ಕರೆಂಟ್ ಇಂದು ಬೆಳಗ್ಗೆ 10ಕ್ಕೆ ಬಂದಿದೆ.

ಸಾಂಬಾರಿನ ವಾಸನೆ ಕೆಟ್ಟಿಲ್ಲ, ಮೇಲೆ ನೊರೆ ಬಂದಿಲ್ಲ, ಅನ್ನವೂ ಅಂಟಾಗಿಲ್ಲ. ಚೆನ್ನಾಗಿ ಒಂದು ಕುದಿ ಕುದಿಸಿದರೆ ಯಾವ ದೋಷವೂ ಉಳಿಯುವುದಿಲ್ಲ, ದೇವರಿಗೆ ನೈವೇದ್ಯವಾದ ಅನ್ನವನ್ನು ಚೆಲ್ಲಬಾರದು ಎಂಬುದು ಅತ್ತೆಯವರ ಮಾತು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವ ಮನಸ್ಸು ನನಗಿಲ್ಲ. ಆದರೆ ಮನೆಯಲ್ಲಿ 3 ವರ್ಷದ ಮಗುವಿದೆ, ಸಕ್ಕರೆ ಕಾಯಿಲೆಯ ಮಾವನವರಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ – ಆಹಾರ ವಿಜ್ಞಾನದ ಅಧ್ಯಾಪಕ, ಕಾಸರಗೋಡು

ಅಕ್ಕಾ, ಅನ್ನ, ಸಾಂಬಾರು, ಪಾಯಸ ಈ ಮೂರನ್ನೂ ಯಾರಿಗೂ ಬಡಿಸಬೇಡಿ. ಉಪ್ಪಿನಕಾಯಿಗೆ ಏನೂ ಆಗಿಲ್ಲ. ಮೊಸರು ಹೆಚ್ಚು ಹುಳಿಯಾಗಿರಬಹುದು. ದೊಡ್ಡವರು ಅದನ್ನು ಮಜ್ಜಿಗೆ ಮಾಡಿ ಇವತ್ತೇ ಮುಗಿಸಬಹುದು, ಮಗುವಿಗೆ ಮತ್ತು ಮಾವನವರಿಗೆ ಬೇಡ.

ನೀವು ಕರೆಂಟ್ ಹೋದದ್ದನ್ನೇ ಮುಖ್ಯವಾಗಿ ಕೇಳಿದ್ದೀರಿ, ಆದರೆ ನಿಮ್ಮ ಅಡುಗೆಯ ವಿಚಾರ ತೀರ್ಮಾನವಾದದ್ದು ಕರೆಂಟ್ ಹೋಗುವುದಕ್ಕೂ ಮೊದಲು, ಬೆಳಗ್ಗೆ 11ರಿಂದ ಸಂಜೆ 5ರ ನಡುವೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳು ವೃದ್ಧಿಯಾಗುತ್ತವೆ, ಅನುಕೂಲ ಸಿಕ್ಕರೆ ಕೆಲವು ಜಾತಿಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆದ್ದರಿಂದಲೇ ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಸುತ್ತಲಿನ ಉಷ್ಣತೆ 32 ಡಿಗ್ರಿ ದಾಟಿದ್ದರೆ 1 ಗಂಟೆಗಿಂತ ಹೆಚ್ಚು ಇಡಬಾರದು ಎಂಬ ನಿಯಮವಿದೆ. ನಮ್ಮ ಮಳೆಗಾಲದಲ್ಲಿ ಹೊರಗೆ ತಂಪೆನಿಸಿದರೂ ಒಲೆಯುರಿದ ಅಡುಗೆಮನೆ ಬೆಚ್ಚಗೇ ಇರುತ್ತದೆ, ಅದರಲ್ಲಿಯೂ ಮುಚ್ಚಿದ ದೊಡ್ಡ ಪಾತ್ರೆಯ ನಡುವಿನ ಅನ್ನವು ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯುತ್ತದೆ. ಬಳಿಕ ಫ್ರಿಜ್ಜಿಗೆ ಇಟ್ಟರೂ ಅದರ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಬೇಕು. ಕರೆಂಟಿಲ್ಲದ ಫ್ರಿಜ್ಜು ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆ ಮಾತ್ರ ತಂಪನ್ನು ಹಿಡಿದಿಡುತ್ತದೆ. ನಿಮ್ಮಲ್ಲಿ 13 ಗಂಟೆ ಕಳೆದಿದೆ.

ಕುದಿಸುವ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕುದಿಸಿದಾಗ ಜೀವಂತ ಬ್ಯಾಕ್ಟೀರಿಯಾಗಳು ಸಾಯುತ್ತವೆ ಎಂಬುದು ನಿಜ. ಆದರೆ ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೇಯುವಾಗಲೂ ಸಾಯದೆ ಉಳಿದು, ಅನ್ನ ಬೆಚ್ಚಗಿರುವ ಹೊತ್ತಿನಲ್ಲಿ ಮೊಳೆತು, ವಾಂತಿ ಬರಿಸುವ ವಿಷವೊಂದನ್ನು ಅನ್ನದಲ್ಲೇ ಬಿಡುತ್ತವೆ. ಆ ವಿಷವು 121 ಡಿಗ್ರಿಯಲ್ಲಿ 90 ನಿಮಿಷ ಕಾಯಿಸಿದರೂ ನಾಶವಾಗುವುದಿಲ್ಲ, ಮನೆಯ ಕುಕ್ಕರಿನಿಂದಲೂ ಅದು ಸಾಧ್ಯವಿಲ್ಲ. ಬಡಿಸುವವರ ಕೈಯಿಂದ ಅಡುಗೆಗೆ ಸೇರುವ ಬ್ಯಾಕ್ಟೀರಿಯಾವಾದ ಸ್ಟ್ಯಾಫಿಲೋಕಾಕಸ್‌ನ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ. ಈ ವಿಷಗಳಿಗೆ ವಾಸನೆಯಾಗಲಿ ರುಚಿಯಾಗಲಿ ಇಲ್ಲ. ಹಳಸಿದ ವಾಸನೆ, ನೊರೆ, ಲೋಳೆಗಳನ್ನು ಉಂಟುಮಾಡುವ ಜೀವಿಗಳು ಬೇರೆ, ಮನುಷ್ಯರನ್ನು ಮಲಗಿಸುವ ಜೀವಿಗಳು ಹೆಚ್ಚಾಗಿ ಬೇರೆ. ವಾಸನೆ ಬಂದರೆ ಚೆಲ್ಲಲೇಬೇಕು ನಿಜ, ಆದರೆ ಬಾರದಿದ್ದರೆ ತಿನ್ನಬಹುದೆಂದು ಅರ್ಥವಲ್ಲ. ಗಡಿಯಾರವನ್ನು ನಂಬಿ, ಮೂಗನ್ನಲ್ಲ.

ಈಗಾಗಲೇ ಯಾರಾದರೂ ತಿಂದಿದ್ದರೆ, ಅನ್ನದ ಈ ವಿಷದಿಂದ ಸಾಮಾನ್ಯವಾಗಿ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಾವನವರಿಗೆ ವಾಂತಿಯಾದರೆ ಸಕ್ಕರೆ ಕಾಯಿಲೆಯ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ.

ಉತ್ತರ – ಜಂಬರದ (ಸಮಾರಂಭದ) ಅಡುಗೆಯವರು, ಪೆರ್ಲ

ಮೇಲಿನವರು ಹೇಳಿದ್ದು ಸರಿಯಾಗಿದೆ, ತಂಗೀ. ಮುಂದಿನ ಸಲಕ್ಕೆ ನಮ್ಮ ಕೆಲಸದ ಅನುಭವದಿಂದ ಕೆಲವು ಮಾತು ಹೇಳುತ್ತೇನೆ.

ಹೇಳಿಕೆ ಕೊಟ್ಟಷ್ಟು ಜನ ಬರುವುದು ಸಂಶಯವೆನಿಸಿದರೆ ಅಕ್ಕಿಯನ್ನು ಒಂದೇ ಸಲ ಹಾಕದೆ ಎರಡು ಕಂತಿನಲ್ಲಿ ಬೇಯಿಸಬೇಕು. ಎರಡನೆಯ ಕಂತು ಮೊದಲ ಪಂಕ್ತಿ ಎದ್ದ ಮೇಲೆ ನೋಡಿಕೊಂಡು ಹಾಕಿದರೆ ಸಾಕು. ಸಾಂಬಾರಿನ ಬೆಂದ ಹೋಳನ್ನು ಬೇರೆ ಇಟ್ಟುಕೊಂಡು ಬೇಕಾದಷ್ಟಕ್ಕೆ ಮಾತ್ರ ಕಾಯಿ ಅರೆದು ಕೂಡಿಸಬೇಕು, ಏಕೆಂದರೆ ಕಾಯಿ ಬಿದ್ದ ಪದಾರ್ಥ ಬಹಳ ಬೇಗ ಹಳಸುತ್ತದೆ. ಪಂಕ್ತಿಗೆ ಹೋಗಿ ಬಂದ ಬಕೆಟಿನ ಪದಾರ್ಥವನ್ನು ಕೊಪ್ಪರಿಗೆಗೆ ತಿರುಗಿ ಸುರಿಯುವ ಅಭ್ಯಾಸ ಹಲವೆಡೆ ಇದೆ, ನನಗೆ ಅದು ಸ್ವಲ್ಪವೂ ಸರಿಕಾಣುವುದಿಲ್ಲ. ಉಳಿಯುವುದು ಖಚಿತವಾದೊಡನೆ, ಅಂದರೆ ಊಟ ಮುಗಿದ ಕೂಡಲೇ, ಅನ್ನವನ್ನು ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಸಾಂಬಾರನ್ನು ಸಣ್ಣ ಪಾತ್ರೆಗಳಿಗೆ ಹಂಚಿ ತಣ್ಣೀರಿನ ತೊಟ್ಟಿಯಲ್ಲಿಟ್ಟು ಕದಡುತ್ತಿದ್ದರೆ ಬೇಗ ಆರುತ್ತದೆ. ಆರಿದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಕುದಿಸಿಯೇ ಬಡಿಸಬೇಕು. ಅದಕ್ಕಿಂತಲೂ ಒಳ್ಳೆಯದು, ಬಿಸಿ ಇರುವಾಗಲೇ ನೆರೆಕರೆಯವರಿಗೆ ಹಂಚಿ ರಾತ್ರಿಗೆ ಇಡಬೇಡಿರೆಂದು ಹೇಳಿಬಿಡುವುದು. ಹಾಗೆ ಮಾಡಿದರೆ ನೈವೇದ್ಯದ ಅನ್ನ ಚೆಲ್ಲಿಹೋಗುವ ಅತ್ತೆಯವರ ಸಂಕಟವೂ ಇರುವುದಿಲ್ಲ.

ಉತ್ತರ – ಮಂಜೇಶ್ವರ ಕಡಪ್ಪುರದ ಓದುಗ

ಕಡಲ ಬದಿಯ ಮನೆಗಳವರಿಗೆ ಒಂದು ಮಾತು ಸೇರಿಸುತ್ತೇನೆ. ಬಂಗುಡೆ, ಬೂತಾಯಿ, ಕೇದರ ಮುಂತಾದ ಮೀನುಗಳು ಐಸ್ ಇಲ್ಲದೆ ಬೆಚ್ಚಗೆ ಉಳಿದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ರಾಸಾಯನಿಕ ಸೇರಿಕೊಳ್ಳುತ್ತದೆ, ಅದು ಹುರಿದರೂ ಹುಳಿ ಹಾಕಿ ಕುದಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತಲೆನೋವು, ತುರಿಕೆ, ಎದೆಬಡಿತ ಕಾಣಿಸಿಕೊಂಡರೆ ಇದನ್ನು ಸಂಶಯಿಸಬೇಕು. ಕರೆಂಟ್ ಹೋದಾಗ ತುಂಬಿದ ಫ್ರೀಜರ್ ಮುಚ್ಚಿದಂತೆಯೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಾಳುತ್ತದೆ. ಮೀನಿನಲ್ಲಿ ಮಂಜಿನ ಹರಳು ಇನ್ನೂ ಉಳಿದಿದ್ದರೆ ಮತ್ತೆ ಗಟ್ಟಿಯಾಗಲು ಬಿಡಬಹುದು.

ಹೋಟೆಲಿನ ಪಾರ್ಸೆಲಿಗೂ ಇದೇ ಎಚ್ಚರ ಬೇಕು. ಕೇರಳದಲ್ಲಿ 2023ರ ಜನವರಿಯಲ್ಲಿ ಪೊಟ್ಟಣದ ಮೇಲೆ ತಯಾರಿಸಿದ ಸಮಯ ಮತ್ತು ತಿನ್ನಬೇಕಾದ ಅವಧಿಯ ಚೀಟಿ ಕಡ್ಡಾಯವಾಯಿತು. ಅದರ ಹಿಂದಿನ ವರ್ಷ, 2022ರಲ್ಲಿ, ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ಹಲವರು ಅಸ್ವಸ್ಥರಾಗಿ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಆ ಚೀಟಿಯನ್ನು ದಯವಿಟ್ಟು ಓದಿ.

ಮರುಪ್ರಶ್ನೆ – ನೀರ್ಚಾಲಿನ ಗೃಹಿಣಿ

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಓದಿ ಹೇಳಿದೆ. ಹಿಂದೆ ಫ್ರಿಜ್ಜೇ ಇರಲಿಲ್ಲ, ತಂಗಳನ್ನ ಉಂಡೇ ನಾವು ಬೆಳೆದದ್ದು ಎನ್ನುತ್ತಾರೆ. ಅವರಿಗೆ ಏನು ಹೇಳಲಿ? ಅನ್ನವನ್ನು ಹಟ್ಟಿಯ ದನಗಳಿಗೆ ಕೊಡಬಹುದೇ?

ಉತ್ತರ – ಆಹಾರ ವಿಜ್ಞಾನದ ಅಧ್ಯಾಪಕ, ಕಾಸರಗೋಡು

ಅವರು ಹೇಳುವ ತಂಗಳನ್ನ ಬೇರೆಯದೇ ಪದಾರ್ಥ. ರಾತ್ರಿ ಬೆಂದ ಅನ್ನ ಆರಿದೊಡನೆ ನೀರು ಹಾಕಿಟ್ಟರೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಾಗಿಸುತ್ತವೆ, ಹುಳಿ ಸಾಕಷ್ಟು ಬಂದಲ್ಲಿ ಬ್ಯಾಸಿಲಸ್ ಸೀರಿಯಸ್ ಬೆಳೆಯಲಾರದು. ಬೆಳಗ್ಗೆ ಮಜ್ಜಿಗೆ, ಉಪ್ಪಿನಕಾಯಿಯೊಡನೆ ಅದು ಮುಗಿಯುತ್ತಿತ್ತು. ಅಷ್ಟಾದರೂ ಹುಳಿ ಬರುವುದು ಪ್ರತಿ ಸಲವೂ ಖಾತ್ರಿಯಲ್ಲ, ಆದ್ದರಿಂದ ಚಿಕ್ಕ ಮಗುವಿಗೆ ನಾನಂತೂ ಕೊಡಲಾರೆ. ಪಾತ್ರೆಯಲ್ಲಿ ಇಡೀ ಹಗಲು ಬೆಚ್ಚಗೆ ಕುಳಿತ ಅನ್ನಕ್ಕೆ ಆಮೇಲೆ ನೀರು ಹಾಕಿದರೆ, ಅದರಲ್ಲಿ ಆಗಲೇ ಹುಟ್ಟಿದ ವಿಷ ಹೋಗುವುದಿಲ್ಲ.

ದನಗಳಿಗೂ ಕೊಡಬೇಡಿ. ಅನ್ನ, ಪಾಯಸ ಒಮ್ಮೆಲೇ ಹೆಚ್ಚು ಹೊಟ್ಟೆಗೆ ಹೋದರೆ ದನದ ಮೊದಲ ಹೊಟ್ಟೆಯಲ್ಲಿ ಆಮ್ಲ ಏರಿ, ಹೊಟ್ಟೆ ಉಬ್ಬಿ ಜೀವಕ್ಕೇ ಅಪಾಯವಾಗಬಹುದು, ತಾಜಾ ಅನ್ನವಾದರೂ ಅಷ್ಟೇ. ತೆಂಗಿನ ಬುಡದಲ್ಲಿ ಆಳವಾದ ಗುಂಡಿ ತೋಡಿ, ನಾಯಿ ಕೆದಕದಂತೆ ಮಣ್ಣು ಮುಚ್ಚಿಬಿಡಿ.