ಸಹಾಯ ಬೇಕು: ಕ್ಯಾನ್ಸಸ್ ಗಲಾಟೆಯನ್ನು ಮಕ್ಕಳಿಗೆ ಹೇಗೆ ಹೇಳಲಿ?

ನಮಸ್ಕಾರ. ಬಿ.ಎ. ಮಕ್ಕಳಿಗೆ ಅಮೆರಿಕದ ಅಂತರ್ಯುದ್ಧದ ಪಾಠ ಮಾಡುತ್ತಿದ್ದೇನೆ. 1820ರ ಮಿಸ್ಸೌರಿ ಒಪ್ಪಂದ (ಪಶ್ಚಿಮದ ಪ್ರದೇಶದಲ್ಲಿ ಒಂದು ಗೆರೆಯ ಉತ್ತರಕ್ಕೆ, ಮಿಸ್ಸೌರಿ ಬಿಟ್ಟು, ಗುಲಾಮಗಿರಿ ಇರಬಾರದು ಎಂದದ್ದು) ಸುಲಭವಾಗಿ ಅರ್ಥವಾಯಿತು, ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದೆ. ಆದರೆ 1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ತಂದ ಕಾಯ್ದೆ ಆ ಗೆರೆಯನ್ನೇ ಅಳಿಸಿ, ಗುಲಾಮಗಿರಿ ಬೇಕೋ ಬೇಡವೋ ಅಂತ ಕ್ಯಾನ್ಸಸ್, ನೆಬ್ರಾಸ್ಕಾಕ್ಕೆ ಬಂದು ನೆಲೆಸಿದವರೇ ತೀರ್ಮಾನಿಸಲಿ ಎಂದಿತು. 'ಜನರೇ ತೀರ್ಮಾನಿಸಿದರೆ ಒಳ್ಳೆಯದೇ ಅಲ್ವಾ ಸರ್?' ಅಂತ ಒಬ್ಬಳು ಕೇಳಿದಳು. ಗುಲಾಮರಿಗೆ ಓಟೇ ಇರಲಿಲ್ಲಮ್ಮ ಎಂದೆ. 1855ರಲ್ಲಿ ಸುಮಾರು 2,900 ಮತದಾರರಿದ್ದ ಕ್ಯಾನ್ಸಸ್‌ನಲ್ಲಿ, ಗುಲಾಮಗಿರಿ ಇದ್ದ ಪಕ್ಕದ ಮಿಸ್ಸೌರಿಯಿಂದ ಗಡಿ ದಾಟಿ ಬಂದವರು ಸೇರಿ 6,300 ಓಟು ಬಿದ್ದದ್ದನ್ನೂ ಹೇಳಿದೆ. ಸಾಲದು ಅನಿಸುತ್ತಿದೆ. ಮಿಸ್ಸೌರಿಯಿಂದ ಕ್ಯಾನ್ಸಸ್‌ಗೆ ತಪ್ಪಿಸಿಕೊಂಡು ಬಂದ ಗುಲಾಮರೇ ಹೇಳಿಕೊಂಡ ಅನುಭವ ಕನ್ನಡದಲ್ಲಿ ಎಲ್ಲಾದರೂ ಇದೆಯಾ? ಒಂದೆರಡು ಪುಟ ಇದ್ದರೂ ಸಾಕು, ದಯವಿಟ್ಟು ಕಳಿಸಿ. ಸೋಮವಾರ ಮತ್ತೆ ಅದೇ ಕ್ಲಾಸ್ ಇದೆ.